ಮೆಗ್ನೀಸಿಯಂ ಮಿಶ್ರಲೋಹದ ಕಣ ಸಣ್ಣದಾಗಬೇಕಾದರೆ ಏನು ಬೆರೆಸಬೇಕು, ಎಷ್ಟು, ಯಾವಾಗ

"ಜಿರ್ಕೋನಿಯಂ ಹಾಕಿದೆ, ಆದರೂ ಎರಕದ ಕಣ ಒರಟಾಗಿಯೇ ಉಳಿಯಿತು, ಏಕೆ?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಇದೆಯೇ ಎಂದು ತಿರುಗಿ ಕೇಳಿದರೆ ಬಹಳಷ್ಟು ಸಲ ಉತ್ತರ ಅಲ್ಲಿಯೇ ಸಿಕ್ಕಿಬಿಡುತ್ತದೆ. ಅಲ್ಯೂಮಿನಿಯಂ ಇಲ್ಲದವರ ವಿಷಯದಲ್ಲಿ ತಪ್ಪು ಸಾಮಾನ್ಯವಾಗಿ ಕಲಕುವುದರಲ್ಲೋ ಕಾಯುವುದರಲ್ಲೋ ಆಗಿರುತ್ತದೆ. ಈ ಎರಡೂ ಬಗೆಯ ಓದುಗರಿಗೆ ಉಪಯೋಗವಾಗಲೆಂದು ಇಡೀ ಕ್ರಮವನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಇದು ಮರಳಿನ ಅಚ್ಚು, ಲೋಹದ ಅಚ್ಚು ಮತ್ತು ದಿಮ್ಮಿ ಎರಕಗಳಿಗೆ ಅನ್ವಯಿಸುತ್ತದೆ. ಅಧಿಕ ಒತ್ತಡದ ಡೈ ಕಾಸ್ಟಿಂಗ್‌ನಲ್ಲಿ ಲೋಹ ಎಷ್ಟು ಬೇಗ ತಣಿಯುತ್ತದೆಂದರೆ ಕಣಗಳು ತಾವಾಗಿಯೇ ಸಣ್ಣದಾಗುತ್ತವೆ. ಅಲ್ಲಿ ಈ ಶ್ರಮದ ಅಗತ್ಯ ಕಡಿಮೆ.

ಮೊದಲು ಕೆಲವು ಪದಗಳು

ಕರಗಿದ ಲೋಹ ಗಟ್ಟಿಯಾಗುವಾಗ ಒಂದೇ ಬಾರಿಗೆ ಹೆಪ್ಪುಗಟ್ಟುವುದಿಲ್ಲ. ಅಲ್ಲಲ್ಲಿ ಪುಟ್ಟ ಹರಳುಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಹೀಗೆ ಬೆಳೆದು ನಿಂತ ಒಂದೊಂದು ಹರಳೂ ಒಂದು ಕಣ, ಅಂದರೆ ಗ್ರೇನ್. ಹರಳು ಹುಟ್ಟಲು ಆಸರೆಯಾಗುವ ಘನ ಚೂರಿಗೆ ಬೀಜಕಣ ಎನ್ನೋಣ. ಬೇಕಾದ ಲೋಹವನ್ನು ಹೆಚ್ಚಿನ ಪ್ರಮಾಣದಲ್ಲಿ ಮೊದಲೇ ಬೆರೆಸಿಟ್ಟ ಗಟ್ಟಿಗೆ ಮಾಸ್ಟರ್ ಅಲಾಯ್ ಎಂದು ಹೆಸರು. ತಣಿಯುವಾಗ ಮೊದಲ ಹರಳು ಕಾಣಿಸಿಕೊಳ್ಳುವ ಉಷ್ಣಾಂಶವೇ ಲಿಕ್ವಿಡಸ್.

ಕಣದ ಗಾತ್ರ ಮೆಗ್ನೀಸಿಯಂನಲ್ಲಿ ಇಷ್ಟೊಂದು ಮುಖ್ಯವಾಗುವುದಕ್ಕೆ ಕಾರಣ ಅದರ ಹರಳಿನ ಜೋಡಣೆ. ಪರಮಾಣುಗಳು ಷಟ್ಕೋನಾಕಾರದಲ್ಲಿ ಕೂತಿರುವುದರಿಂದ ಕೋಣೆಯ ಉಷ್ಣಾಂಶದಲ್ಲಿ ಅವು ಸುಲಭವಾಗಿ ಜಾರುವುದು ತಳದ ಸಮತಲದಲ್ಲಿ ಮಾತ್ರ. ಹಾಗಾಗಿ ಒಂದು ಕಣದಲ್ಲಿ ಶುರುವಾದ ಜಾರಿಕೆ ಪಕ್ಕದ ಕಣಕ್ಕೆ ದಾಟುವುದು ಕಷ್ಟ, ಪ್ರತಿಯೊಂದು ಗಡಿಯೂ ಒಂದು ಗೋಡೆಯೇ. ಹಾಲ್-ಪೆಚ್ ಸಂಬಂಧ ಹೇಳುವಂತೆ, ಲೋಹವು ಶಾಶ್ವತವಾಗಿ ಬಾಗತೊಡಗುವ ಒತ್ತಡ, ಅಂದರೆ ಯೀಲ್ಡ್ ಬಲ, ಕಣದ ವ್ಯಾಸದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. ಈ ಏರಿಕೆಯ ಗುಣಾಂಕವನ್ನು ಮೆಗ್ನೀಸಿಯಂಗೆ ಸುಮಾರು 280, ಅಲ್ಯೂಮಿನಿಯಂಗೆ ಸುಮಾರು 68 ಎಂದು ಹಿಡಿಯುತ್ತಾರೆ (ಒತ್ತಡ ಮೆಗಾಪ್ಯಾಸ್ಕಲ್‌ನಲ್ಲಿ, ವ್ಯಾಸ ಮೈಕ್ರಾನ್‌ನಲ್ಲಿ). ಈ ಲೆಕ್ಕದ ಪ್ರಕಾರ 400 ಮೈಕ್ರಾನ್ ಕಣವನ್ನು 50 ಮೈಕ್ರಾನ್‌ಗೆ ಇಳಿಸಿದರೆ ಮೆಗ್ನೀಸಿಯಂನಲ್ಲಿ ಸುಮಾರು 25 ಮೆಗಾಪ್ಯಾಸ್ಕಲ್ ಸಿಗುತ್ತದೆ, ಅಲ್ಯೂಮಿನಿಯಂನಲ್ಲಿ ಆರರಷ್ಟು ಮಾತ್ರ. ಬಲದ ಜೊತೆಗೆ ಎರಕದಲ್ಲಿ ಬಿಸಿ ಬಿರುಕು ಕಡಿಮೆಯಾಗುವುದೂ ಸಣ್ಣ ಸೂಕ್ಷ್ಮರಂಧ್ರಗಳು ಒಂದೆಡೆ ಗುಂಪುಗೂಡದೆ ಹರಡಿಕೊಳ್ಳುವುದೂ ಲಾಭಗಳೇ.

ಕಣ ಸಣ್ಣದಾಗಲು ಎರಡು ಕೆಲಸ ಆಗಬೇಕು

ಎಲ್ಲ ಹಂತಗಳೂ ಇದರ ಮೇಲೆಯೇ ನಿಂತಿರುವುದರಿಂದ ಇದನ್ನು ನಿಧಾನವಾಗಿ ಓದಿ. ಮೊದಲನೆಯದಾಗಿ, ಹರಳು ಹುಟ್ಟಲು ಸಾಕಷ್ಟು ಬೀಜಕಣಗಳಿರಬೇಕು. ಎರಡನೆಯದಾಗಿ, ಮೊದಲು ಹುಟ್ಟಿದ ಹರಳು ಬೇಗ ಬೆಳೆದು ಎಲ್ಲ ಜಾಗವನ್ನೂ ನುಂಗದಂತೆ ತಡೆಯಬೇಕು. ದ್ರವದಲ್ಲಿ ಕರಗಿದ ಅನ್ಯಲೋಹ ಈ ಎರಡನೆಯ ಕೆಲಸ ಮಾಡುತ್ತದೆ: ಬೆಳೆಯುವ ಹರಳು ಅದನ್ನು ಹೊರತಳ್ಳಿದಾಗ ಅಥವಾ ಸುತ್ತಲಿನ ದ್ರವದಿಂದ ಹೀರಿಕೊಂಡಾಗ ಹರಳಿನ ಮುಂದಿನ ಪದರದ ಸಂಯೋಜನೆ ಬದಲಾಗಿ, ಅದರ ಬೆಳವಣಿಗೆ ನಿಧಾನವಾಗುತ್ತದೆ. ಅಷ್ಟರಲ್ಲಿ ಪಕ್ಕದ ಬೀಜಕಣಗಳು ಎಚ್ಚೆತ್ತುಕೊಳ್ಳುತ್ತವೆ.

ಈ ತಡೆಯ ಅಳತೆಗೆ ಬೆಳವಣಿಗೆ ನಿರ್ಬಂಧ ಗುಣಾಂಕ ಎಂದು ಹೆಸರು. ತೂಕದಲ್ಲಿ ಶೇ. 1 ಬೆರೆಸಿದರೆ ಅದು ಜಿರ್ಕೋನಿಯಂಗೆ ಸುಮಾರು 38.3, ಕ್ಯಾಲ್ಸಿಯಂಗೆ 11.9, ಸಿಲಿಕಾನ್‌ಗೆ 9.3, ಸತುವಿಗೆ 5.3, ಅಲ್ಯೂಮಿನಿಯಂಗೆ 4.3, ಸ್ಟ್ರಾನ್ಷಿಯಂಗೆ 3.5, ಯಿಟ್ರಿಯಂಗೆ 1.7, ತವರಕ್ಕೆ 1.5. ಈಗ ಒಂದು ಲೆಕ್ಕ ಮಾಡಿ ನೋಡಿ. ಶೇ. 9 ಅಲ್ಯೂಮಿನಿಯಂ ಇರುವ ಎಜೆಡ್91 ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಒಂದರಿಂದಲೇ 39 ಬರುತ್ತದೆ, ಕರಗಿದ ಶೇ. 0.6 ಜಿರ್ಕೋನಿಯಂನಿಂದ ಬರುವುದು 23 ಮಾತ್ರ. ಅಂಕಿ ನೋಡಿದರೆ ಎಜೆಡ್91ರ ಕಣವೇ ಸಣ್ಣದಾಗಿರಬೇಕಿತ್ತು. ಆದರೆ ಕುಲುಮೆಯಲ್ಲಿ ಆಗುವುದು ತದ್ವಿರುದ್ಧ, ಏಕೆಂದರೆ ಜಿರ್ಕೋನಿಯಂ ಬೆಳವಣಿಗೆಯನ್ನು ತಡೆಯುವುದರ ಜೊತೆಗೆ ಬೀಜಕಣವನ್ನೂ ತಾನೇ ಒದಗಿಸುತ್ತದೆ, ಅಲ್ಯೂಮಿನಿಯಂ ಬರೀ ತಡೆಯುತ್ತದೆ. ಈ ಪಟ್ಟಿಯೊಂದನ್ನೇ ನಂಬಿ ಲೋಹ ಆರಿಸುವವರು ಎಡವುವುದು ಇಲ್ಲಿ.

ಬೇಕಾದ ಸಾಮಗ್ರಿ ಮತ್ತು ಎಚ್ಚರಿಕೆ

ಮೂಸೆ ಸಾದಾ ಉಕ್ಕಿನದ್ದಾಗಿರಲಿ. ನಿಕ್ಕಲ್ ಇರುವ ಸ್ಟೇನ್‌ಲೆಸ್ ಉಕ್ಕು ಬೇಡ. ನಿಕ್ಕಲ್ ದ್ರವಕ್ಕೆ ಇಳಿದು ಮಿಶ್ರಲೋಹದ ತುಕ್ಕುನಿರೋಧವನ್ನು ಹಾಳುಮಾಡುತ್ತದೆ. ಲೋಹದ ಮೇಲ್ಮೈ ಗಾಳಿಗೆ ತಾಗದಂತೆ ರಕ್ಷಕ ಅನಿಲದ ಹೊದಿಕೆ ಬೇಕು. ಸಲ್ಫರ್ ಹೆಕ್ಸಾಫ್ಲೋರೈಡ್ ಬಹುಕಾಲ ಬಳಕೆಯಲ್ಲಿತ್ತು, ಆದರೆ ಅದು ಅತ್ಯಂತ ಪ್ರಬಲವಾದ ಹಸಿರುಮನೆ ಅನಿಲವಾದ್ದರಿಂದ ಸಲ್ಫರ್ ಡೈಆಕ್ಸೈಡ್‌ನಂಥ ಬದಲಿಗಳತ್ತ ತಿರುಗುವುದು ಒಳ್ಳೆಯದು. ಸೌಟು, ಕಲಕುವ ಕೋಲು, ಅಚ್ಚು, ಮಾಸ್ಟರ್ ಅಲಾಯ್ ಎಲ್ಲವನ್ನೂ ಮೊದಲೇ ಬಿಸಿಮಾಡಿ ಒಣಗಿಸಿ.

ಕರಗಿದ ಮೆಗ್ನೀಸಿಯಂಗೆ ನೀರಿನ ಹನಿ ತಾಗಿದರೂ ಸ್ಫೋಟದ ಅಪಾಯವಿದೆ. ಬೆಂಕಿ ಹತ್ತಿದರೆ ನೀರು, ನೊರೆ, ಇಂಗಾಲದ ಡೈಆಕ್ಸೈಡ್ ಯಾವುದನ್ನೂ ಹಾಕಬೇಡಿ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಒಣ ಪುಡಿಯನ್ನು ಕೈಗೆಟಕುವಂತೆ ಇಟ್ಟುಕೊಂಡಿರಿ. ಕಾಂಕ್ರೀಟ್ ನೆಲದ ಮೇಲೆ ಲೋಹ ಚೆಲ್ಲಿದರೆ ನೆಲದೊಳಗಿನ ತೇವವೇ ಸಿಡಿಯುವಂತೆ ಮಾಡುತ್ತದೆ. ಮೂಸೆಯ ಹೊರಮೈಯಲ್ಲಿ ಕಟ್ಟಿದ ಕಬ್ಬಿಣದ ಆಕ್ಸೈಡ್ ಸಿಪ್ಪೆಯನ್ನು ಆಗಾಗ ಕೆರೆದು ತೆಗೆಯಿರಿ, ಏಕೆಂದರೆ ಮೂಸೆ ಸೋರಿ ಮೆಗ್ನೀಸಿಯಂ ಆ ಸಿಪ್ಪೆಯ ಮೇಲೆ ಬಿದ್ದರೆ ಥರ್ಮೈಟ್‌ನಂಥ ಉಗ್ರ ಪ್ರತಿಕ್ರಿಯೆ ನಡೆಯುತ್ತದೆ. ತರಬೇತಿಯಿಲ್ಲದವರು ಈ ಕೆಲಸವನ್ನು ಒಬ್ಬರೇ ಮಾಡಕೂಡದು.

ಹಂತ 1: ನಿಮ್ಮ ಮಿಶ್ರಲೋಹ ಯಾವ ಗುಂಪಿನದು ನೋಡಿ

ಸತು, ಯಿಟ್ರಿಯಂ, ವಿರಳ ಭಸ್ಮ ಲೋಹಗಳು ಇದ್ದು ಅಲ್ಯೂಮಿನಿಯಂ ಇಲ್ಲದಿದ್ದರೆ (ಝಡ್‌ಕೆ60, ಝಡ್‌ಇ41, ಡಬ್ಲ್ಯುಇ43 ಇಂಥವು) ಜಿರ್ಕೋನಿಯಂ ನಿಮ್ಮದು. 2ನೆಯ ಹಂತಕ್ಕೆ ಹೋಗಿ. ಅಲ್ಯೂಮಿನಿಯಂ ಇದ್ದರೆ (ಎಜೆಡ್91, ಎಎಂ60, ಎಜೆಡ್31) ಜಿರ್ಕೋನಿಯಂ ಡಬ್ಬಿಯನ್ನು ಮುಚ್ಚಿಟ್ಟು ನೇರವಾಗಿ 5ನೆಯ ಹಂತ ಓದಿ. ಜಿರ್ಕೋನಿಯಂ ಮತ್ತು ಅಲ್ಯೂಮಿನಿಯಂ ದ್ರವದಲ್ಲಿ ಭೇಟಿಯಾದ ಕೂಡಲೇ ಗಟ್ಟಿ ಸಂಯುಕ್ತವಾಗಿ ತಳಕ್ಕಿಳಿಯುತ್ತವೆ. ಮ್ಯಾಂಗನೀಸ್, ಸಿಲಿಕಾನ್, ಕಬ್ಬಿಣಗಳೂ ಹೀಗೆಯೇ ಜಿರ್ಕೋನಿಯಂ ಅನ್ನು ಕಟ್ಟಿಹಾಕುತ್ತವೆ. ಹಳೆಯ ಎರಕದ ಚೂರುಗಳನ್ನು ಕರಗಿಸುವವರು ಇನ್ನಷ್ಟು ಎಚ್ಚರವಾಗಿರಬೇಕು: ಬುಟ್ಟಿಯಲ್ಲಿ ಎಜೆಡ್91ರ ನಾಲ್ಕು ತುಂಡು ಸೇರಿಕೊಂಡಿದ್ದರೂ ಇಡೀ ಮೂಸೆಯ ಜಿರ್ಕೋನಿಯಂ ಕೈಕೊಡಬಹುದು.

ಹಂತ 2: ಜಿರ್ಕೋನಿಯಂ ಎಷ್ಟು ಬೇಕು ಲೆಕ್ಕಹಾಕಿ

1937ರಲ್ಲಿ ಜರ್ಮನಿಯ ಐ.ಜಿ. ಫಾರ್ಬೆನ್‌ನಲ್ಲಿದ್ದ ಸಾವರ್‌ವಾಲ್ಡ್ ಎಂಬವರು ಜಿರ್ಕೋನಿಯಂನ ಈ ಗುಣವನ್ನು ಗುರುತಿಸಿದರು. ಆದರೆ ಅದನ್ನು ದ್ರವಕ್ಕೆ ನಂಬಿಕೆಯಿಂದ ಬೆರೆಸುವ ವಿಧಾನ ಸಿದ್ಧವಾಗಲು ಮತ್ತೆ ಹಲವು ವರ್ಷಗಳು ಹಿಡಿದವು. ಅದರ ಹರಳೂ ಮೆಗ್ನೀಸಿಯಂನಂತೆ ಷಟ್ಕೋನಾಕಾರದ್ದು. ಪರಮಾಣುಗಳ ನಡುವಿನ ಅಂತರ ಮೆಗ್ನೀಸಿಯಂನಲ್ಲಿ 0.321 ನ್ಯಾನೋಮೀಟರ್, ಜಿರ್ಕೋನಿಯಂನಲ್ಲಿ 0.323. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ, ಆದ್ದರಿಂದ ಮೆಗ್ನೀಸಿಯಂ ಹರಳು ಜಿರ್ಕೋನಿಯಂ ಚೂರಿನ ಮೇಲೆ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತಂತೆ ಬೆಳೆಯುತ್ತದೆ.

ಸುಮಾರು 654 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ಮೆಗ್ನೀಸಿಯಂನಲ್ಲಿ ಕರಗಬಲ್ಲ ಜಿರ್ಕೋನಿಯಂ ತೂಕದಲ್ಲಿ ಶೇ. 0.6ರಷ್ಟು. ಅದರಾಚೆಗಿನದು ಕರಗದೆ ಸಣ್ಣ ಚೂರುಗಳಾಗಿ ಉಳಿಯುತ್ತದೆ. ಇದು ವ್ಯರ್ಥವೆಂದು ತಿಳಿದು ಪ್ರಮಾಣ ಕಡಿಮೆ ಮಾಡುವುದು ದೊಡ್ಡ ತಪ್ಪು. ಕರಗದೆ ಉಳಿದ ಈ ಚೂರುಗಳೇ, ಅದರಲ್ಲೂ 1ರಿಂದ 5 ಮೈಕ್ರಾನ್ ಗಾತ್ರದವು, ಒಳ್ಳೆಯ ಬೀಜಕಣಗಳು. ಹಾಗಾಗಿ ಸಾಮಾನ್ಯವಾಗಿ ಶೇ. 1ರಷ್ಟು ಜಿರ್ಕೋನಿಯಂ ಸಿಗುವಂತೆ ಲೆಕ್ಕಹಾಕುತ್ತಾರೆ. 50 ಕಿಲೋ ಲೋಹಕ್ಕೆ ಅರ್ಧ ಕಿಲೋ ಜಿರ್ಕೋನಿಯಂ ಬೇಕೆಂದರೆ, ಶೇ. 33 ಜಿರ್ಕೋನಿಯಂ ಇರುವ ಮಾಸ್ಟರ್ ಅಲಾಯ್ ಒಂದೂವರೆ ಕಿಲೋ ಹಾಕಬೇಕಾಗುತ್ತದೆ. ಶುದ್ಧ ಜಿರ್ಕೋನಿಯಂ ಹಾಕುವ ಯೋಚನೆ ಬೇಡ: ಅದು ಕರಗುವುದು 1855 ಡಿಗ್ರಿಯಲ್ಲಿ, ಮೆಗ್ನೀಸಿಯಂ 1090ರ ಆಸುಪಾಸಿನಲ್ಲಿ ಕುದಿದೇ ಹೋಗುತ್ತದೆ.

ಹಂತ 3: ಬೆರೆಸಿ, ಕಲಕಿ

ಸತು ಮತ್ತು ವಿರಳ ಭಸ್ಮ ಲೋಹಗಳನ್ನು ಮೊದಲು ಬೆರೆಸಿ, ಜಿರ್ಕೋನಿಯಂಗೆ ಕೊನೆಯ ಸರದಿ ಕೊಡಿ. ಲೋಹವನ್ನು ಸುಮಾರು 780 ಡಿಗ್ರಿಗೆ ಏರಿಸಿ, ಬಿಸಿಮಾಡಿದ ಮಾಸ್ಟರ್ ಅಲಾಯ್ ತುಂಡುಗಳನ್ನು ತೂತಿನ ಸೌಟಿನಲ್ಲಿಟ್ಟು ದ್ರವದೊಳಗೆ ಮುಳುಗಿಸಿ. ತುಂಡು ಕರಗಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಾಸ್ಟರ್ ಅಲಾಯ್‌ನಲ್ಲಿರುವ ಜಿರ್ಕೋನಿಯಂ ಚೂರುಗಳು ಗೊಂಚಲು ಗೊಂಚಲಾಗಿ ಹೊರಬಂದು ತಳಕ್ಕೆ ಕೂರುತ್ತವೆ. ಕೋಲನ್ನು ತಳದವರೆಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ಎತ್ತುವ ಹಾಗೆ, ಐದರಿಂದ ಹತ್ತು ನಿಮಿಷ ಕಲಕಬೇಕು. ಆದರೆ ಮೇಲ್ಮೈ ಒಡೆದು ಸುಳಿಯೇಳುವಷ್ಟು ರಭಸ ಬೇಡ. ಆಕ್ಸೈಡ್ ಪೊರೆ ಮಡಚಿಕೊಂಡು ಒಳಗೆ ಸೇರಿದರೆ ಅದನ್ನು ಹೊರತೆಗೆಯಲಾಗದು.

ಉಷ್ಣಾಂಶ ಹೆಚ್ಚಿದಷ್ಟೂ ಜಿರ್ಕೋನಿಯಂ ಹೆಚ್ಚು ಕರಗುತ್ತದೆ ಎಂಬುದು ನಿಜ. ಆದರೆ ಮೂಸೆಯ ಗೋಡೆಯಿಂದ ಕಬ್ಬಿಣವೂ ಹೆಚ್ಚು ಇಳಿಯುತ್ತದೆ, ಅದು ಜಿರ್ಕೋನಿಯಂ ಅನ್ನು ತಿನ್ನುತ್ತದೆ. ಈ ಉಷ್ಣಾಂಶದಲ್ಲಿ ಗಂಟೆಗಟ್ಟಲೆ ಇಡಬೇಡಿ.

ಹಂತ 4: ಕಾಯಿರಿ, ಆದರೆ ಗಡಿಯಾರ ನೋಡುತ್ತಾ

ಜಿರ್ಕೋನಿಯಂನ ಸಾಂದ್ರತೆ 6.5, ದ್ರವ ಮೆಗ್ನೀಸಿಯಂನದು ಸುಮಾರು 1.6. ಕಲಕುವುದನ್ನು ನಿಲ್ಲಿಸಿದ ಕ್ಷಣದಿಂದಲೇ ಚೂರುಗಳು ಮುಳುಗತೊಡಗುತ್ತವೆ. ಸ್ಟೋಕ್ಸ್ ಸೂತ್ರದಿಂದ ಲೆಕ್ಕಹಾಕಿದರೆ, 10 ಮೈಕ್ರಾನ್ ಚೂರು ಹದಿನೈದು ನಿಮಿಷದಲ್ಲಿ ಸುಮಾರು 20 ಸೆಂಟಿಮೀಟರ್ ಇಳಿಯುತ್ತದೆ. 2 ಮೈಕ್ರಾನ್ ಚೂರು ಇಳಿಯುವುದು 8 ಮಿಲಿಮೀಟರ್ ಮಾತ್ರ. ನಮಗೆ ಬೇಕಾದದ್ದು ಇದೇ: ದಪ್ಪ ಗೊಂಚಲುಗಳು ಎರಕದಲ್ಲಿ ದೋಷವಾಗುವ ಮೊದಲು ತಳ ಸೇರಲಿ, ಸಣ್ಣವು ಮೇಲೆಯೇ ಇರಲಿ. ಹತ್ತರಿಂದ ಹದಿನೈದು ನಿಮಿಷ ಕಾದು, ಲೋಹ ಸುಮಾರು 750 ಡಿಗ್ರಿಗೆ ಇಳಿದಾಗ ಹೊಯ್ಯಲು ಆರಂಭಿಸಿ.

ಒಂದು ಸಲ ಅಚ್ಚು ಸಿದ್ಧವಾಗುವುದು ತಡವಾಗಿ ನಾನು ಲೋಹವನ್ನು ಒಂದು ಗಂಟೆಗೂ ಹೆಚ್ಚು ಕಾಲ ಕಲಕದೆ ಇಟ್ಟಿದ್ದೆ. ಮೊದಲ ಎರಕಕ್ಕೂ ಅದಕ್ಕೂ ಮುರಿದ ಮೈಯನ್ನು ಬರಿಗಣ್ಣಿನಲ್ಲಿ ನೋಡಿದರೇ ವ್ಯತ್ಯಾಸ ತಿಳಿಯುವಂತಿತ್ತು. ಮೊದಲನೆಯದು ಮಂಕು ಬೂದುಬಣ್ಣದ ನುಣುಪು ಮುರಿತ, ಎರಡನೆಯದರಲ್ಲಿ ಸಕ್ಕರೆ ಹರಳಿನಂತೆ ಮಿನುಗುವ ಮುಖಗಳು. ಇಂಥ ಸಂದರ್ಭದಲ್ಲಿ ಹೊಸದಾಗಿ ಜಿರ್ಕೋನಿಯಂ ಸುರಿಯುವ ಮೊದಲು, ತಳದಲ್ಲಿರುವುದನ್ನೇ ಮತ್ತೆ ಕಲಕಿ ಎಬ್ಬಿಸಿ ನೋಡಿ. ಕಳೆದುಹೋದ ಪರಿಣಾಮದ ಬಹುಭಾಗ ಮರಳಿ ಬರುತ್ತದೆ. ಅನಂತರ ಎಂದಿನಂತೆ ಮತ್ತೆ ಹತ್ತು ನಿಮಿಷ ಕಾಯಬೇಕು.

ಹಂತ 5: ಅಲ್ಯೂಮಿನಿಯಂ ಇರುವ ಮಿಶ್ರಲೋಹಕ್ಕೆ

ಇಲ್ಲಿ ಒಂದೇ ರಾಮಬಾಣ ಇನ್ನೂ ಸಿಕ್ಕಿಲ್ಲ. ಅಲ್ಯೂಮಿನಿಯಂ ಪ್ರಮಾಣ ಸೊನ್ನೆಯಿಂದ ಶೇ. 5ರವರೆಗೆ ಏರುವಾಗ ಕಣ ತಾನಾಗಿಯೇ ಬೇಗ ಸಣ್ಣದಾಗುತ್ತದೆ, ಆಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿಂದ ಮುಂದೆ ನಿಮಗಿರುವುದು ಮುಖ್ಯವಾಗಿ ಎರಡು ದಾರಿ.

ಮೊದಲನೆಯದು ಇಂಗಾಲ. ದ್ರವಕ್ಕೆ ಇಂಗಾಲ ಸೇರಿದಾಗ ಅದು ಅಲ್ಯೂಮಿನಿಯಂ ಜೊತೆ ಕೂಡಿ ಕಾರ್ಬೈಡ್ ಚೂರುಗಳಾಗುತ್ತದೆ, ಅವು ಬೀಜಕಣಗಳಾಗುತ್ತವೆ. ಅಲ್ಯೂಮಿನಿಯಂ ಬಹಳ ಕಡಿಮೆಯಿದ್ದರೆ ಇದು ನಡೆಯುವುದಿಲ್ಲ. ಹಿಂದೆ ಹೆಕ್ಸಾಕ್ಲೋರೋಈಥೇನ್ ಗುಳಿಗೆ ಮುಳುಗಿಸುತ್ತಿದ್ದರು. ಅದು ವಿಷಕಾರಿ ಕ್ಲೋರಿನ್ ಹೊಗೆ ಬಿಡುವುದರಿಂದ ನಾನು ಶಿಫಾರಸು ಮಾಡುವುದಿಲ್ಲ. ಇಂಗಾಲದ ಪುಡಿ ಅಥವಾ ಸಿಲಿಕಾನ್ ಕಾರ್ಬೈಡ್ ಇರುವ ಮಾಸ್ಟರ್ ಅಲಾಯ್ ಬಳಸುವುದು ಮೇಲು. ಇಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ. ಅಲ್ಯೂಮಿನಿಯಂ ಕಾರ್ಬೈಡ್ ನೀರಿನೊಡನೆ ಪ್ರತಿಕ್ರಿಯಿಸುತ್ತದೆ. ಮಾದರಿಯನ್ನು ನೀರು ಹಾಕಿ ಪಾಲಿಶ್ ಮಾಡಿದರೆ ಬೀಜಕಣ ಕಳೆದುಹೋಗುತ್ತದೆ ಇಲ್ಲವೇ ಆಮ್ಲಜನಕ ತುಂಬಿಕೊಂಡು ಬೇರೆಯೇ ಸಂಯುಕ್ತದಂತೆ ಕಾಣುತ್ತದೆ. ಆ ಬೀಜಕಣ ನಿಜವಾಗಿ ಯಾವ ಸಂಯುಕ್ತ ಎಂಬ ಚರ್ಚೆ ಇಷ್ಟು ದೀರ್ಘವಾಗಲು ಇದೂ ಒಂದು ಕಾರಣ.

ಎರಡನೆಯದು ಅತಿಕಾಯಿಸುವಿಕೆ. ಲಿಕ್ವಿಡಸ್‌ಗಿಂತ 150ರಿಂದ 260 ಡಿಗ್ರಿ ಮೇಲಕ್ಕೆ ಕಾಯಿಸಿ, ಸ್ವಲ್ಪ ಹೊತ್ತು ಇಟ್ಟು, ಬೇಗನೆ ಹೊಯ್ಯುವ ಉಷ್ಣಾಂಶಕ್ಕೆ ಇಳಿಸಿ ಹೊಯ್ದುಬಿಡುವುದು. ಇದಕ್ಕೆ ಲೋಹದಲ್ಲಿ ಅಲ್ಪ ಕಬ್ಬಿಣ, ಮ್ಯಾಂಗನೀಸ್ ಇರಬೇಕು. ಇಂಧನ ಖರ್ಚು, ಮೂಸೆ ಸವೆತ, ಬೆಂಕಿಯ ಭಯ ಮೂರೂ ಹೆಚ್ಚು. ದೊಡ್ಡ ಮೂಸೆಯನ್ನು ಬೇಗ ತಣಿಸುವುದು ಆಗದ ಮಾತಾದ್ದರಿಂದ ಇದು ಚಿಕ್ಕ ಪ್ರಮಾಣಕ್ಕಷ್ಟೇ ಸರಿ.

ಉರಿಯುವುದನ್ನು ತಡೆಯಲು ಕೆಲವರು ಅತ್ಯಲ್ಪ ಬೆರಿಲಿಯಂ ಸೇರಿಸಿರುತ್ತಾರೆ. ಬೆರಿಲಿಯಂ ಈ ಗುಂಪಿನಲ್ಲಿ ಕಣವನ್ನು ಒರಟಾಗಿಸುತ್ತದೆ. ಕೊಂಡ ಗಟ್ಟಿಯ ವಿಶ್ಲೇಷಣಾ ಪತ್ರದಲ್ಲಿ ಆ ಸಾಲನ್ನು ತಪ್ಪದೆ ನೋಡಿ.

ಹಂತ 6: ಉಳಿದ ಲೋಹಗಳ ಬಗ್ಗೆ

ಕ್ಯಾಲ್ಸಿಯಂ ಬೆಳವಣಿಗೆಯನ್ನು ಚೆನ್ನಾಗಿ ತಡೆಯುತ್ತದೆ, ದ್ರವ ಹೊತ್ತಿಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಆದರೆ ಕೈ ಜಾರಿದರೆ ಬಿಸಿ ಬಿರುಕು ಮತ್ತು ಅಚ್ಚಿಗೆ ಅಂಟಿಕೊಳ್ಳುವ ತೊಂದರೆ ಬರುತ್ತದೆ, ಶೇ. 0.5ರ ಒಳಗಿರಿ. ಸ್ಟ್ರಾನ್ಷಿಯಂ ಅಲ್ಯೂಮಿನಿಯಂ ಕಡಿಮೆ ಇರುವಲ್ಲಿ ಮಾತ್ರ ಗಮನಾರ್ಹ.

ಯಿಟ್ರಿಯಂ, ಗಡೋಲಿನಿಯಂ ಹೆಚ್ಚಿರುವ ಮಿಶ್ರಲೋಹಗಳಲ್ಲಿ ಒಂದು ಸ್ವಾರಸ್ಯವಿದೆ. ಶೇ. 10 ಯಿಟ್ರಿಯಂ ಇರುವ ಮೆಗ್ನೀಸಿಯಂಗೆ ಶೇ. 1ರಷ್ಟು ಅಲ್ಯೂಮಿನಿಯಂ ಹಾಕಿದರೆ ದ್ರವದಲ್ಲಿಯೇ ಅಲ್ಯೂಮಿನಿಯಂ-ಯಿಟ್ರಿಯಂ ಸಂಯುಕ್ತದ ಚೂರುಗಳು ಹುಟ್ಟಿ, ಜಿರ್ಕೋನಿಯಂ ಇಲ್ಲದೆಯೇ ಬೀಜಕಣಗಳಾಗುತ್ತವೆ. 1ನೆಯ ಹಂತದಲ್ಲಿ ವೈರಿಯಾಗಿದ್ದ ಅಲ್ಯೂಮಿನಿಯಂ ಇಲ್ಲಿ ನೆಂಟ. ಎರಡನ್ನೂ ಒಟ್ಟಿಗೆ ಹಾಕಿ ಹೆಚ್ಚು ಲಾಭ ಪಡೆಯುವ ಆಸೆ ಮಾತ್ರ ಬೇಡ, ಒಂದನ್ನೊಂದು ತಿಂದು ಎರಡೂ ಹೋಗುತ್ತವೆ.

ಹಂತ 7: ಕಣವನ್ನು ಅಳೆಯಿರಿ

ಎರಕದ ಒಂದೇ ಜಾಗದಿಂದ ಪ್ರತಿ ಸಲವೂ ಮಾದರಿ ಕತ್ತರಿಸಿ. ಅಚ್ಚಿನ ಗೋಡೆಯ ಬಳಿ ಕಣ ಯಾವಾಗಲೂ ಸಣ್ಣದು, ನಡುವೆ ದೊಡ್ಡದು. ಕೊನೆಯ ಪಾಲಿಶ್ ಅನ್ನು ನೀರಿನ ಬದಲು ಆಲ್ಕೋಹಾಲ್‌ನಲ್ಲಿ ಮಾಡಿ. ಮೇಲ್ಮೈಯನ್ನು ಆಮ್ಲದಿಂದ ತುಸು ಕೊರೆದು ಗಡಿಗಳನ್ನು ಎದ್ದು ಕಾಣಿಸಲು ಎಥಿಲೀನ್ ಗ್ಲೈಕಾಲ್ 60 ಮಿಲಿಲೀಟರ್, ನೀರು 20, ಅಸಿಟಿಕ್ ಆಮ್ಲ 20, ನೈಟ್ರಿಕ್ ಆಮ್ಲ 1 ಬೆರೆಸಿದ ದ್ರಾವಣ ಸಾಕು. ಪಿಕ್ರಿಕ್ ಆಮ್ಲದ ದ್ರಾವಣ ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಒಣಗಿದ ಪಿಕ್ರಿಕ್ ಆಮ್ಲ ಸ್ಫೋಟಕ.

ಜಿರ್ಕೋನಿಯಂ ಕೆಲಸ ಮಾಡಿದ ಮಾದರಿಯಲ್ಲಿ ಕಣಗಳ ನಡುಭಾಗದಲ್ಲಿ ದುಂಡನೆಯ, ಬೇರೆ ಛಾಯೆಯ ತಿರುಳು ಕಾಣುತ್ತದೆ, ಕೆಲವೊಮ್ಮೆ ಅದರ ಮಧ್ಯೆ ಚುಕ್ಕೆಯಂತೆ ಚೂರೊಂದು ಕೂತಿರುತ್ತದೆ. ಅದು ಮೊದಲು ಗಟ್ಟಿಯಾದ, ಜಿರ್ಕೋನಿಯಂ ಹೆಚ್ಚಿರುವ ಭಾಗ. ಅಂಥ ತಿರುಳುಗಳು ಎಲ್ಲೆಡೆ ಕಂಡರೆ ಬೀಜಕಣಗಳು ತಲುಪಿವೆ ಎಂದು ತಿಳಿಯಬಹುದು.

ಎಜೆಡ್91ರಲ್ಲಿ ಹೊಸಬರು ಮಾಡುವ ತಪ್ಪೆಂದರೆ, ಒಂದೇ ಕಣದ ಕೊಂಬೆಗಳ ನಡುವೆ ಕಾಣುವ ಗಟ್ಟಿ ಸಂಯುಕ್ತದ ಬಲೆಯನ್ನು ಕಣದ ಗಡಿಯೆಂದು ಎಣಿಸುವುದು. ಹಾಗೆ ಎಣಿಸಿದರೆ ಒರಟು ಎರಕವೂ ನಯವಾಗಿ ಕಾಣುತ್ತದೆ. ಮಾದರಿಯನ್ನು ಸುಮಾರು 413 ಡಿಗ್ರಿಗೆ ನಿಧಾನವಾಗಿ ಏರಿಸಿ 16ರಿಂದ 24 ಗಂಟೆ ಇಟ್ಟರೆ ಆ ಬಲೆ ಬಹುಮಟ್ಟಿಗೆ ಕರಗಿ ನಿಜವಾದ ಗಡಿಗಳು ಉಳಿಯುತ್ತವೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವಿದ್ದರೆ ಒಂದೊಂದು ಕಣವೂ ಒಂದೊಂದು ಬಣ್ಣ ತಳೆಯುವುದರಿಂದ ಎಣಿಕೆ ಇನ್ನಷ್ಟು ಸುಲಭ. ಚಿತ್ರದ ಮೇಲೆ ಗೆರೆಗಳನ್ನೆಳೆದು ಅವು ದಾಟುವ ಗಡಿಗಳನ್ನು ಎಣಿಸಿ. ಒಟ್ಟು 5,000 ಮೈಕ್ರಾನ್ ಉದ್ದದ ಗೆರೆಗಳು 62 ಗಡಿ ದಾಟಿದರೆ ಸರಾಸರಿ ಕಣ ಸುಮಾರು 81 ಮೈಕ್ರಾನ್.

ಹಂತ 8: ಕಣ ಇನ್ನೂ ಒರಟಾಗಿದ್ದರೆ

ಲೋಹದ ರಾಸಾಯನಿಕ ವಿಶ್ಲೇಷಣೆ ಮಾಡಿಸುವಾಗ ಒಟ್ಟು ಜಿರ್ಕೋನಿಯಂ ಒಂದನ್ನೇ ಕೇಳಬೇಡಿ. ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವ ಭಾಗ ಎಷ್ಟು, ಕರಗದ ಭಾಗ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ. ಕರಗುವ ಭಾಗ ಕಡಿಮೆಯಿದ್ದರೆ ಅಲ್ಯೂಮಿನಿಯಂ, ಸಿಲಿಕಾನ್ ಅಥವಾ ಕಬ್ಬಿಣ ಅದನ್ನು ಕಟ್ಟಿಹಾಕಿರಬಹುದು, ಅಥವಾ ಕಲಕಿದ್ದು ಸಾಲದಿರಬಹುದು. ಕರಗುವ ಭಾಗ ಸರಿಯಿದ್ದು ಕಣ ಒರಟಾಗಿದ್ದರೆ ಬೀಜಕಣಗಳು ತಳ ಸೇರಿವೆ, ಕಾದ ಸಮಯವನ್ನು ತಿರುಗಿ ನೋಡಿ. ಎರಡೂ ಸರಿಯಿದ್ದರೆ ಹೊಯ್ಯುವ ಉಷ್ಣಾಂಶ ಅತಿಯಾಗಿರಬಹುದು, ಇಲ್ಲವೇ ಅಚ್ಚು ತೀರಾ ನಿಧಾನವಾಗಿ ತಣಿಯುತ್ತಿರಬಹುದು.

ಹೊಯ್ದು ಮುಗಿದ ಮೇಲೆ ಮೂಸೆಯ ತಳದಲ್ಲಿ ಉಳಿಯುವ ಕೆಸರಿನಂಥ ಪದರವನ್ನು ಬಿಸಿಯಿರುವಾಗಲೇ ಒಣ ಸೌಟಿನಿಂದ ತೆಗೆದು, ಒಣ ಉಕ್ಕಿನ ತಟ್ಟೆಯಲ್ಲಿ ಹರಡಿ ತಣಿಸಿ. ಅದರಲ್ಲಿ ಜಿರ್ಕೋನಿಯಂ ಮತ್ತು ಕಬ್ಬಿಣದ ಸಂಯುಕ್ತ ತುಂಬಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಮರುದಿನ ಅದೇ ಮೂಸೆಯಲ್ಲಿ ಎಜೆಡ್91 ಕರಗಿಸಿದರೆ ಅಲ್ಯೂಮಿನಿಯಂನ ಒಂದು ಪಾಲು ಆ ಕೆಸರಿಗೇ ಹೋಗುತ್ತದೆ. ತಿರುಗುಮುರುಗಾಗಿ ಎಜೆಡ್91ರ ಉಳಿಕೆಯ ಮೇಲೆ ಝಡ್‌ಕೆ60 ಕರಗಿಸಿದರೆ ನೀವು ಹಾಕುವ ಜಿರ್ಕೋನಿಯಂ ಕಲಕುವ ಮೊದಲೇ ತಳ ಸೇರಿರುತ್ತದೆ. ಎರಡು ಗುಂಪಿನ ಮಿಶ್ರಲೋಹಕ್ಕೂ ಬೇರೆಬೇರೆ ಮೂಸೆ ಇಟ್ಟು, ಹಿಡಿಕೆಗೆ ಗುರುತಿನ ಬಣ್ಣ ಬಳಿದುಕೊಳ್ಳಿ.